ಮಂಡಲದ ಡಬ್ಬಿ: ಕೈವಾರ ಇಟ್ಟುಕೊಳ್ಳಿ, ಸ್ಟೆನ್ಸಿಲ್ ಎತ್ತಿಡಿ

ಬಳ್ಳಾರಿಯ ಸ್ಟೇಷನರಿ ಅಂಗಡಿಗೆ ಹೋಗಿ ‘ಮಕ್ಕಳು ಮಂಡಲ ಬಿಡಿಸೋಕೆ ಏನಾದ್ರೂ ಐತಾ’ ಅಂತ ಕೇಳಿದರೆ ಕೈಗೆ ಬರುವುದು ಬಣ್ಣಬಣ್ಣದ ಒಂದು ಡಬ್ಬಿ. ಮಂಡಲ ಅಂದರೆ ಕೇಂದ್ರದ ಸುತ್ತ ಉಂಗುರ ಉಂಗುರವಾಗಿ ಬಿಡಿಸುವ ವೃತ್ತವಿನ್ಯಾಸ. ಕಂಪನಿ ಬೇರೆಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಇಲ್ಲಿ ಬಿಚ್ಚಿ ನೋಡಿರುವುದು 799 ರೂಪಾಯಿಯದು. ಮುಚ್ಚಳದ ಮೇಲೆ ಎರಡು ಭರವಸೆ ಇವೆ: ಮಗುವಿನ ಮನಸ್ಸು ಒಂದು ಕಡೆ ನಿಲ್ಲುತ್ತದೆ, ರೇಖಾಗಣಿತ ಆಟದಂತೆ ತಲೆಗೆ ಹೋಗುತ್ತದೆ. ಎರಡೂ ಆಗುವ ಮಾತೇ. ಆದರೆ ಅವೆರಡನ್ನೂ ಮಾಡುವುದು ಡಬ್ಬಿಯಲ್ಲಿರುವ ಒಂದೇ ಒಂದು ಸಾಮಾನು, ಕೈವಾರ. ಕಂಪನಿಯವರು ಅದನ್ನೇ ಅತಿ ಅಗ್ಗದ್ದು ಹಾಕಿದ್ದಾರೆ.

ಮಿಕ್ಕ ಸಾಮಾನು ಇಷ್ಟು: ಪ್ಲಾಸ್ಟಿಕ್ ಸ್ಟೆನ್ಸಿಲ್ 10, ಉಂಗುರಗಳನ್ನು ಅಚ್ಚು ಹಾಕಿದ ಹಾಳೆ 20, ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಕಾರ್ಡು 20, ಜೆಲ್ ಪೆನ್ 12, ಬಿಳಿ ಪೆನ್ಸಿಲ್ ಒಂದು, ಮಕ್ಕಳು ‘ಡಿ’ ಅಂತ ಕರೆಯುವ ಕೋನಮಾಪಕ, 15 ಸೆಂ.ಮೀ. ಸ್ಕೇಲು, ಚುಕ್ಕಿ ಇಡುವ ಐದು ಕಡ್ಡಿ, ಒಂದು ಕೈಪಿಡಿ. ಚುಕ್ಕಿ ಕಡ್ಡಿಗೆ ಬೇಕಾದ ಬಣ್ಣ ಮಾತ್ರ ಇಲ್ಲ. ಅದನ್ನು ಬೇರೆ ಕೊಳ್ಳಬೇಕು ಅನ್ನುವುದು ಡಬ್ಬಿಯ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದೆ.

ಸ್ಟೆನ್ಸಿಲ್‌ನಿಂದ ಶುರು ಮಾಡೋಣ, ಮಕ್ಕಳೂ ಮೊದಲು ಕೈ ಹಾಕುವುದು ಅದಕ್ಕೇ. ಐದು ನಿಮಿಷದಲ್ಲಿ ಭರ್ಜರಿ ಚಿತ್ರ ಬಂದುಬಿಡುತ್ತದೆ. ತೊಂದರೆ ಅಲ್ಲೇ. ತೂತಿನೊಳಗೆ ಪೆನ್ನು ಓಡಿಸುವಾಗ ಮಗು ಯಾವುದನ್ನೂ ತೀರ್ಮಾನಿಸಬೇಕಿಲ್ಲ, ಎಷ್ಟು ಭಾಗ, ಎಷ್ಟು ದೂರ, ಯಾಕೆ ಆರೇ ಎಸಳು ಎಂಬ ಪ್ರಶ್ನೆಯೇ ಏಳುವುದಿಲ್ಲ. ತಪ್ಪಾಗಲು ಜಾಗವಿಲ್ಲ, ಹಾಗಾಗಿ ಗಮನ ಇಡಲು ಕಾರಣವೂ ಇಲ್ಲ. ಟಿವಿ ನೋಡುತ್ತಲೇ ಮುಗಿಸಬಹುದು, ಮುಗಿಸುತ್ತಾರೆ ಕೂಡ. ಸಾಲದ್ದಕ್ಕೆ ಈ ಡಬ್ಬಿಯ ಸ್ಟೆನ್ಸಿಲ್‌ಗಳ ನಡುವೆ ತೂತಿಲ್ಲ. ಒಂದು ಸುತ್ತು ಬಿಡಿಸಿ, ಹಾಳೆ ತಿರುಗಿಸಿ ಇನ್ನೊಂದು ಸುತ್ತು ಕೂಡಿಸಲು ಹೋದರೆ ಕೇಂದ್ರ ಒಂದೆರಡು ಮಿ.ಮೀ. ಜರುಗಿ, ಒಳಹೂವು ಒಂದು ಪಕ್ಕಕ್ಕೆ ವಾಲುತ್ತದೆ. ಮಧ್ಯದಲ್ಲಿ ಕಾದ ಸೂಜಿಯಿಂದ ತೂತು ಮಾಡಿಕೊಂಡರೆ ಸರಿಹೋಗುತ್ತದೆ, ಆ ಕೆಲಸ ದೊಡ್ಡವರದು. ಒಂದು ತಿಂಗಳು ಇವನ್ನು ಅಲಮಾರದಲ್ಲಿಟ್ಟು, ಕೈವಾರ ಕೈಗೆ ಕೂತ ಮೇಲೆ ಅಂಚಿನ ಬಳ್ಳಿಗೆ, ಸಣ್ಣ ಅಲಂಕಾರಕ್ಕೆ ಕೊಡಬಹುದು.

ಈಗ ಕೈವಾರ. ಡಬ್ಬಿಯಲ್ಲಿರುವುದು ತಗಡಿನದು, ಕೀಲಿನ ತಿರುಪು ಸಡಿಲ. 5 ಸೆಂ.ಮೀ.ಗೆ ತೆರೆದು ಒಂದು ವೃತ್ತ ಸುತ್ತುವಷ್ಟರಲ್ಲಿ ಕಾಲು ಅರ್ಧ ಮಿ.ಮೀ. ಅಗಲವಾಗುತ್ತದೆ. ಅರ್ಧ ಮಿ.ಮೀ. ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ ನೋಡಿ: 50 ಮಿ.ಮೀ. ತ್ರಿಜ್ಯದ ವೃತ್ತದ ಮೇಲೆ ಅದೇ ಅಳತೆಯಲ್ಲಿ ಹೆಜ್ಜೆ ಹಾಕುತ್ತ ಹೋದರೆ ಆರನೇ ಹೆಜ್ಜೆ ಸರಿಯಾಗಿ ಹೊರಟ ಜಾಗಕ್ಕೇ ಬರಬೇಕು. ಅಳತೆ 50.5 ಆಗಿದ್ದರೆ ಒಂದೊಂದು ಹೆಜ್ಜೆಯೂ 60 ಡಿಗ್ರಿ ಬದಲು 60.66 ಡಿಗ್ರಿ ದಾಟುತ್ತದೆ, ಆರಕ್ಕೆ ಸುಮಾರು 4 ಡಿಗ್ರಿ ಹೆಚ್ಚಾಗುತ್ತದೆ. ಪರಿಧಿಯ ಮೇಲೆ ಅದು ಸುಮಾರು ಮೂರೂವರೆ ಮಿ.ಮೀ. ‘ಮಿಸ್, ಸೇರ್ತಾನೇ ಇಲ್ಲ’ ಅಂತ ಮಗು ರಾಗ ತೆಗೆಯುವುದು ಈ ಮೂರೂವರೆ ಮಿ.ಮೀ.ಗೆ. ತಪ್ಪು ತನ್ನದೋ ಸಾಮಾನಿನದೋ ಅದಕ್ಕೆ ಗೊತ್ತಾಗುವುದಿಲ್ಲ, ಎರಡು ಹಾಳೆ ಹರಿದ ಮೇಲೆ ಸ್ಟೆನ್ಸಿಲ್‌ಗೇ ವಾಪಸ್.

ಆದ್ದರಿಂದ ಕೈವಾರವನ್ನು ಬೇರೆ ಕೊಳ್ಳಿ, ಅಂಗಡಿಯಲ್ಲೇ ಪರೀಕ್ಷಿಸಿ. ಪೆನ್ಸಿಲ್ ಸಿಕ್ಕಿಸಿ ಎರಡು ಕಾಲು ಮುಚ್ಚಿದಾಗ ಮುಳ್ಳಿನ ತುದಿಯೂ ಸೀಸದ ತುದಿಯೂ ಜೊತೆಗೆ ನಿಲ್ಲಬೇಕು, ಮುಳ್ಳು ಒಂದು ಮಿ.ಮೀ. ಮುಂದಿದ್ದರೆ ಇನ್ನೂ ಒಳ್ಳೆಯದು. 6 ಸೆಂ.ಮೀ. ತ್ರಿಜ್ಯಕ್ಕೆ ತೆರೆದು ಒಂದೇ ವೃತ್ತವನ್ನು ಮೂರು ಸಲ ಸುತ್ತಿ. ಗೆರೆ ಒಂದೇ ಕಂಡರೆ ತೆಗೆದುಕೊಳ್ಳಿ, ಎರಡಾಗಿ ಕಂಡರೆ ಬಿಡಿ. ಕಾಲುಗಳು ಬೆಣ್ಣೆಯಂತೆ ತೆರೆದುಕೊಂಡರೆ ಅದು ಕೆಟ್ಟ ಲಕ್ಷಣ, ಸ್ವಲ್ಪ ಬಿಗಿಯೇ ಇರಲಿ. ಮನೆಗೆ ತಂದ ಮೇಲೆ ಪೆನ್ಸಿಲ್ ವಿಷಯ. ಉದ್ದನೆಯ ಪೆನ್ಸಿಲ್ ಸಿಕ್ಕಿಸಿದರೆ ತುದಿ ಮಗುವಿನ ಬೆರಳಿಗೆ ಬಡಿದು ಕೈವಾರ ವಾಲುತ್ತದೆ. ಬಳಸಿ ಬಳಸಿ 8–9 ಸೆಂ.ಮೀ.ಗೆ ಇಳಿದ ಪೆನ್ಸಿಲ್ ಇದಕ್ಕೆ ಹೇಳಿ ಮಾಡಿಸಿದ್ದು. ಮೆಂಡರ್‌ನಲ್ಲಿ ಮೊನೆ ಮಾಡಿದ ಮೇಲೆ ಉಪ್ಪುಕಾಗದದ ಮೇಲೆ ಒಂದೇ ಪಕ್ಕ ನಾಲ್ಕು ಸಲ ಉಜ್ಜಿದರೆ ಸೀಸ ಉಳಿಯ ಬಾಯಿಯಂತೆ ಚಪ್ಪಟೆಯಾಗುತ್ತದೆ, ಹತ್ತು ವೃತ್ತದವರೆಗೂ ಗೆರೆ ದಪ್ಪವಾಗುವುದಿಲ್ಲ.

ಮುಳ್ಳು ಜಾರುವುದು ಇನ್ನೊಂದು ಗೋಳು. ನಮ್ಮ ಕಡೆ ಮಕ್ಕಳು ನೆಲದ ಮೇಲೆ ಕೂತೇ ಬಿಡಿಸುವುದು, ನೆಲ ಟೈಲ್ಸಿನದೋ ಶಾಬಾದ್ ಕಲ್ಲಿನದೋ ಆಗಿರುತ್ತದೆ. ಮುಳ್ಳಿಗೆ ಕಚ್ಚಲು ಏನೂ ಸಿಗುವುದಿಲ್ಲ. ಹಾಳೆಯ ಕೆಳಗೆ ಎರಡು ಮೂರು ಮಿ.ಮೀ. ದಪ್ಪದ ರಟ್ಟು ಇರಲೇಬೇಕು, ಹಳೇ ಕಾರ್ಟನ್ ಪೆಟ್ಟಿಗೆಯ ಎರಡು ಪದರ ಸಾಕು. ರಟ್ಟೇ ನೆಲದ ಮೇಲೆ ಜಾರಿದರೆ ಅದರಡಿ ಜೀನ್ಸ್ ಬಟ್ಟೆಯ ತುಂಡು ಹಾಕಿ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಅದಕ್ಕೇನು ಬರ. ಬಟ್ಟೆಯನ್ನು ನೇರವಾಗಿ ಹಾಳೆಯಡಿ ಮಾತ್ರ ಹಾಕಬೇಡಿ, ಮುಳ್ಳು ಆಳಕ್ಕೆ ಇಳಿದು ತೂತು ದೊಡ್ಡದಾಗುತ್ತದೆ, ಕೇಂದ್ರ ಹೋದ ಹಾಗೆಯೇ.

ಕೈಪಿಡಿಯ ಮೊದಲ ಮಂಡಲ ಎಂಟು ಸುತ್ತಿನದು, ‘20 ನಿಮಿಷದಲ್ಲಿ ಮುಗಿಸಿ’ ಎಂಬ ಸೂಚನೆಯೊಂದಿಗೆ. ಅದು ಓಟದ ಪಂದ್ಯ. ಮೊದಲ ದಿನಕ್ಕೆ ಆರೆಸಳ ಹೂವೊಂದೇ ಸಾಕು. ಹಾಳೆಯ ನಡುವೆ 5 ಸೆಂ.ಮೀ. ತ್ರಿಜ್ಯದ ವೃತ್ತ. ಕೈವಾರದ ಅಳತೆ ಮುಟ್ಟದೆ ಮುಳ್ಳನ್ನು ಪರಿಧಿಯ ಮೇಲೆ ಎಲ್ಲಾದರೂ ಇಟ್ಟು, ಪರಿಧಿಯಿಂದ ಪರಿಧಿಗೆ ಒಂದು ಕಂಸ (ಬಿಲ್ಲಿನಂತೆ ಬಾಗಿದ ಗೆರೆ) ಎಳೆಯಬೇಕು, ಅದು ಕೇಂದ್ರದ ಮೂಲಕವೇ ಹಾಯುತ್ತದೆ. ಕಂಸ ಪರಿಧಿಯನ್ನು ಮುಟ್ಟಿದ ಜಾಗದಲ್ಲಿ ಮುಳ್ಳಿಟ್ಟು ಮುಂದಿನ ಕಂಸ. ಹೀಗೆ ಆರು ಕಂಸಕ್ಕೆ ಆರು ಎಸಳು. ಯಾಕೆ ಆರು ಅಂತ ಬಾಯಲ್ಲಿ ಹೇಳುವ ಬದಲು ಸ್ಕೇಲು ಕೊಡಿ: ಕೇಂದ್ರದಿಂದ ಎರಡು ಪಕ್ಕದ ಬಿಂದುಗಳಿಗೆ ಗೆರೆ, ಆ ಬಿಂದುಗಳ ನಡುವೆ ಒಂದು ಗೆರೆ. ಮೂರೂ 5 ಸೆಂ.ಮೀ. ಸಮಬಾಹು ತ್ರಿಭುಜ, ಕೋನ 60, ಆರು ಕೋನ ಸೇರಿದರೆ 360. ಪಕ್ಕದ ಬಿಂದುಗಳನ್ನೆಲ್ಲ ಕೂಡಿಸಿದರೆ ಷಡ್ಭುಜ. ಒಂದು ಬಿಟ್ಟು ಒಂದು ಕೂಡಿಸಿದರೆ ದೊಡ್ಡ ತ್ರಿಭುಜ, ಅದರ ಬಾಹು ಅಳೆದರೆ 8.6ಕ್ಕೂ 8.7ಕ್ಕೂ ನಡುವೆ ಬರುತ್ತದೆ. ಎಂಟೂವರೆ ಬಂದರೆ ಎಲ್ಲೋ ಜಾರಿದೆ ಎಂದರ್ಥ, ದೊಡ್ಡ ಮಕ್ಕಳಿಗೆ ಇದು 5ನ್ನು 3ರ ವರ್ಗಮೂಲದಿಂದ ಗುಣಿಸಿದ್ದು ಅಂತ ಆಮೇಲೆ ಹೇಳಿದರಾಯಿತು.

ಕೈಪಿಡಿಯಲ್ಲಿ ನಿಜಕ್ಕೂ ತಪ್ಪಿರುವುದು ಹನ್ನೆರಡು ಭಾಗ ಮಾಡುವ ಪುಟದಲ್ಲಿ. ಒಂದು ಗೆರೆ ಎಳೆ, ಅದರಿಂದ 30 ಡಿಗ್ರಿ ಅಳೆ, ಆ ಹೊಸ ಗೆರೆಯಿಂದ ಮತ್ತೆ 30 ಡಿಗ್ರಿ ಅಳೆ ಅನ್ನುತ್ತದೆ. ಒಂದೊಂದು ಸಲವೂ ಒಂದು ಡಿಗ್ರಿ ಒಂದೇ ಕಡೆ ತಪ್ಪಿದರೆ ಸುತ್ತಿ ಬರುವಷ್ಟರಲ್ಲಿ 12 ಡಿಗ್ರಿ ತಪ್ಪಿರುತ್ತದೆ, ಕೊನೆಯ ಎಸಳು ಅರ್ಧಕ್ಕೆ ಹತ್ತಿರ ಕರಗಿಹೋಗುತ್ತದೆ. ಸರಿಯಾದ ದಾರಿ ಇದಕ್ಕಿಂತ ಸುಲಭ. ಒಂದು ವ್ಯಾಸ ಎಳೆದು, ‘ಡಿ’ಯನ್ನು ಒಮ್ಮೆ ಇಟ್ಟು ಅಲುಗಿಸದೆ 30, 60, 90, 120, 150 ಐದೂ ಗುರುತು ಹಾಕಿಬಿಡುವುದು. ಪ್ರತಿ ಗುರುತಿನಿಂದ ಕೇಂದ್ರದ ಮೂಲಕ ಆಚೆ ದಡಕ್ಕೆ ಗೆರೆ ಎಳೆದರೆ ಹನ್ನೆರಡು ಭಾಗ ತಾನಾಗೇ ಆಯಿತು, ತಪ್ಪು ಕೂಡಿಕೊಳ್ಳುತ್ತ ಹೋಗುವುದಿಲ್ಲ. ಮಕ್ಕಳು ಎಡವುವ ಜಾಗ ಎರಡೇ: ‘ಡಿ’ಯ ನೇರ ಅಂಚನ್ನು ವ್ಯಾಸದ ಮೇಲೆ ಇಡುತ್ತಾರೆ, ಸೊನ್ನೆಯ ಗೆರೆ ಅಂಚಿಗಿಂತ ಕೆಲವು ಮಿ.ಮೀ. ಮೇಲಿರುತ್ತದೆ, ಮತ್ತೆ ಒಳಸಾಲಿನ ಅಂಕಿ ಬಿಟ್ಟು ಹೊರಸಾಲಿನದು ಓದಿ 30ರ ಜಾಗಕ್ಕೆ 150 ಹಾಕುತ್ತಾರೆ. ಎಂಟು ಭಾಗಕ್ಕೆ ‘ಡಿ’ ಬೇಡವೇ ಬೇಡ. ವ್ಯಾಸಕ್ಕೆ ಕೈವಾರದಿಂದ ಲಂಬಾರ್ಧಕ (ಅದನ್ನು ನೆಟ್ಟಗೆ ಅರ್ಧ ಮಾಡುವ ಗೆರೆ), ಆಮೇಲೆ ಕೋನಾರ್ಧಕ (ಕೋನವನ್ನು ಅರ್ಧ ಮಾಡುವ ಗೆರೆ). 5 ಸೆಂ.ಮೀ. ತ್ರಿಜ್ಯಕ್ಕೆ ಪಕ್ಕದ ಬಿಂದುಗಳ ದೂರ 3.8 ಸೆಂ.ಮೀ. ಬಂದರೆ ಕೆಲಸ ಸರಿ.

ಅಚ್ಚಾದ ಉಂಗುರದ ಹಾಳೆಗಳನ್ನೂ ಒಮ್ಮೆ ಅಳೆದು ನೋಡಿ. ಈ ಡಬ್ಬಿಯಲ್ಲಿ ಹೊರಗಿನ ಉಂಗುರ ಅಡ್ಡಕ್ಕೆ 180 ಮಿ.ಮೀ., ಉದ್ದಕ್ಕೆ 178. ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರ, ಆದರೆ ಕೈವಾರ ಇಟ್ಟ ತಕ್ಷಣ ಗುಟ್ಟು ರಟ್ಟು.

ಇನ್ನು ಮನಸ್ಸಿನ ವಿಷಯ. ‘ಮೈಂಡ್‌ಫುಲ್‌ನೆಸ್’ (ಮಾಡುತ್ತಿರುವ ಕೆಲಸದಲ್ಲೇ ಮನಸ್ಸಿಡುವುದು) ಅಂತ ಮುಚ್ಚಳದ ಮೇಲೆ ಮೂರು ಕಡೆ ಇದೆ, ‘ವೈಜ್ಞಾನಿಕವಾಗಿ ಸಾಬೀತು’ ಅನ್ನುವ ಮೊಹರೂ ಇದೆ. ಮಂಡಲಕ್ಕೆ ಬಣ್ಣ ತುಂಬುವುದರ ಬಗ್ಗೆ ಎಲ್ಲರೂ ಎತ್ತಿ ಹೇಳುವ ಅಧ್ಯಯನ 2005ರದು, ಅಮೆರಿಕದ್ದು. ಅದರಲ್ಲಿದ್ದವರು 84 ಮಂದಿ ಕಾಲೇಜು ವಿದ್ಯಾರ್ಥಿಗಳು, ಮಕ್ಕಳಲ್ಲ. 20 ನಿಮಿಷ ಬಣ್ಣ ತುಂಬಿದ ಮೇಲೆ ಮಂಡಲದವರ ಆತಂಕ ಇಳಿದಿತ್ತು, ಚೌಕಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರದೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ಖಾಲಿ ಹಾಳೆ ಸಿಕ್ಕವರಲ್ಲಿ ಆ ಇಳಿಕೆ ಕಾಣಲಿಲ್ಲ. ಅಂದರೆ ಮಂತ್ರವಿರುವುದು ವೃತ್ತದಲ್ಲೇ ಅಂತಲ್ಲ, ಕಟ್ಟು ಇರುವ, ಮತ್ತೆ ಮತ್ತೆ ಬರುವ ಕೆಲಸದಲ್ಲಿ ಅಂತ ಓದಿಕೊಳ್ಳುವುದು ಮೇಲು. ಅದೂ ಬಣ್ಣ ತುಂಬುವ ಮಾತು, ಬಿಡಿಸುವುದರದ್ದಲ್ಲ.

ಕೈಪಿಡಿ ಹೇಳುವ ಉಸಿರಾಟ ಹೀಗೆ: ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ಅದೇ ಹೊತ್ತಿಗೆ ಒಂದು ಎಸಳು. ಹತ್ತು ವರ್ಷದ ಮಗು ಎಣಿಕೆ, ಉಸಿರು, ಕೈವಾರ ಮೂರನ್ನೂ ಒಟ್ಟಿಗೆ ನಡೆಸಲಾರದು. ಎಣಿಸುವ ಭರದಲ್ಲಿ ಕೈವಾರ ಒತ್ತಿ ಅಳತೆ ಕೆಡಿಸುತ್ತದೆ, ಇಲ್ಲವೇ ಉಸಿರೇ ಬಿಗಿಹಿಡಿದು ಕೂರುತ್ತದೆ. ಎಣಿಕೆ ಬಿಟ್ಟುಬಿಡಿ. ಮುಳ್ಳು ಇಡು, ಉಸಿರು ತಗೋ, ಬಿಡುತ್ತಾ ಕಂಸ ಎಳೆ, ಕೈವಾರ ಎತ್ತಿ ಪಕ್ಕಕ್ಕಿಡು. ಆ ‘ಪಕ್ಕಕ್ಕಿಡು’ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಕೈಯಲ್ಲಿ ಹಿಡಿದೇ ಇದ್ದರೆ ಮುಂದಿನ ಗೆರೆಗೆ ಧಾವಿಸುತ್ತಾರೆ. ಒಬ್ಬರು ಮುಗಿಸಿದ್ದನ್ನು ನೋಡಿ ಇನ್ನೊಬ್ಬರು ಓಡದಂತೆ, ಇಡೀ ಗುಂಪಿಗೆ ಒಂದು ಹೊತ್ತಿಗೆ ಒಂದೇ ಸುತ್ತು.

ಗಮನ ಎಲ್ಲಿ ತಪ್ಪಿತು ಅನ್ನುವುದನ್ನು ಹಾಳೆಯೇ ಬರೆದಿಟ್ಟಿರುತ್ತದೆ. ಕೈವಾರದ ಹೂವಿನ ಸುತ್ತ ಬರಿಗೈಯಲ್ಲಿ ಹನ್ನೆರಡು ಎಸಳು ಹಾಕಲು ಹೇಳಿ ನೋಡಿ. ಮೊದಲ ಮೂರು ಒಂದೇ ಗಾತ್ರ, ನಾಲ್ಕೈದರಲ್ಲಿ ಸ್ವಲ್ಪ ಅಗಲ, ಒಂಬತ್ತರ ಹೊತ್ತಿಗೆ ತುದಿ ಚೂಪಾಗಿ ಹೊರಗೆ ಹಾರಿರುತ್ತದೆ. ಹಾಗಾದಾಗ ರಬ್ಬರ್ ಕೊಡಬೇಡಿ, ಬಯ್ಯಲೂ ಬೇಡಿ. ‘ಯಾವ ಎಸಳು ಬಿಡಿಸುವಾಗ ಬೇರೇನೋ ನೆನಪಾಯಿತು?’ ಅಂತ ಕೇಳಿದರೆ ಮಗು ಬೆರಳಿಟ್ಟು ತೋರಿಸುತ್ತದೆ. ಸ್ಟೆನ್ಸಿಲ್ ಅಳಿಸಿಹಾಕುವುದು ಈ ದಾಖಲೆಯನ್ನೇ. ಒಂದು ತರಗತಿಗೆ 40 ನಿಮಿಷ ಸಾಕು: 5 ನಿಮಿಷ ಸಾಮಾನು ಜೋಡಿಸುವುದು, 15 ಗೆರೆ, 15 ಬಣ್ಣ, 5 ನಿಮಿಷ ಸುಮ್ಮನೆ ನೋಡುವುದು. ಕೊನೆಯ ಐದನ್ನು ಎಲ್ಲರೂ ಹಾರಿಸುತ್ತಾರೆ.

ಡಬ್ಬಿಯ ಮೇಲೆ ‘6 ವರ್ಷದಿಂದ’ ಅಂತಿದೆ. ಆರೇಳು ವರ್ಷದ ಕೈಗೆ ಕೈವಾರ ದಕ್ಕುವುದಿಲ್ಲ, ಮುಳ್ಳಿನ ಅಪಾಯ ಬೇರೆ. ಅವರಿಗೆ ಮನೆಯ ಬಳೆಯೇ ಸರಿ. ಎರಡು-ಆರರ ಬಳೆ ಅಂದರೆ ಎರಡು ಅಂಗುಲದ ಮೇಲೆ ಹದಿನಾರರಲ್ಲಿ ಆರು ಭಾಗ, ಒಳವ್ಯಾಸ 60.3 ಮಿ.ಮೀ. ಬಳೆಯ ಒಳಗಿನಿಂದ ಪೆನ್ಸಿಲ್ ಸುತ್ತಿದರೆ 6 ಸೆಂ.ಮೀ. ವ್ಯಾಸದ ಚೊಕ್ಕ ವೃತ್ತ, ಹೊರಗಿನಿಂದ ಸುತ್ತಿದರೆ ಬಳೆಯ ದಪ್ಪವೂ ಸೇರಿ ಲೆಕ್ಕ ಕೆಡುತ್ತದೆ. ಗಾಜಿನದು ಬೇಡ, ಲೋಹದ್ದಿರಲಿ. ವೃತ್ತ ಕತ್ತರಿಸಿ ಅರ್ಧಕ್ಕೆ ಮಡಚಿದರೆ ವ್ಯಾಸ, ಮತ್ತೆ ಮಡಚಿದರೆ ಕೇಂದ್ರ, ಮತ್ತೊಮ್ಮೆ ಮಡಚಿದರೆ ಎಂಟು ಭಾಗ. ಹದಿನಾರಕ್ಕೆ ಕಾಗದ ದಪ್ಪವಾಗಿ ಮಡಿಕೆ ಜರುಗುತ್ತದೆ, ಎಂಟಕ್ಕೇ ನಿಲ್ಲಿಸಿ.

ರಂಗೋಲಿ ಬರುವ ಮನೆಗಳಲ್ಲಿ ಇನ್ನೊಂದು ದಾರಿಯಿದೆ, ಕೈಪಿಡಿಗೆ ಅದರ ಸುಳಿವೇ ಇಲ್ಲ. ನಡುವೆ 15 ಚುಕ್ಕಿ ಇಟ್ಟು, ಮೇಲೂ ಕೆಳಗೂ ಎರಡು ಚುಕ್ಕಿಗಳ ಮಧ್ಯಕ್ಕೆ ಬರುವಂತೆ 14, 13 ಅಂತ ಇಳಿಸುತ್ತ 8ಕ್ಕೆ ನಿಲ್ಲಿಸುವ ರಂಗೋಲಿ ಎಲ್ಲರಿಗೂ ಗೊತ್ತು. ಅದು ಬಾಹುವಿಗೆ 8 ಚುಕ್ಕಿಯ ಷಡ್ಭುಜವೇ. ಒಟ್ಟು ಚುಕ್ಕಿ ಎಷ್ಟು ಅಂತ ಎಣಿಸಲು ಬಿಡಿ, 169 ಬರಬೇಕು. ನಡುವಿನ ಒಂದು ಚುಕ್ಕಿಯ ಸುತ್ತ 6, ಅದರ ಸುತ್ತ 12, ಆಮೇಲೆ 18, ಹೀಗೆ ಆರಾರು ಏರುತ್ತ 42ರವರೆಗೆ ಏಳು ಸುತ್ತು. ಕೈವಾರ ಕಲಿಸಿದ 60 ಡಿಗ್ರಿ ಅಜ್ಜಿಯ ಬೆರಳಿನಲ್ಲೇ ಇತ್ತು ಅನ್ನುವುದು ಮಗುವಿಗೆ ಇಲ್ಲಿ ಕಾಣುತ್ತದೆ. ರಂಗೋಲಿಯಲ್ಲಿ ಒಳ್ಳೆಯದೊಂದು, ಅಳಿಸಿ ಹೋಗುತ್ತದೆ. ಮುಂಡಗೋಡಿನಂಥ ಟಿಬೆಟನ್ ನೆಲೆಗಳ ಬೌದ್ಧ ಪರಂಪರೆಯಲ್ಲೂ ಭಿಕ್ಷುಗಳು ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಮಂಡಲ ರಚಿಸಿ ಕೊನೆಗೆ ಗುಡಿಸಿಬಿಡುತ್ತಾರೆ. ಅವರ ಮಂಡಲದಲ್ಲಿ ಯಾವ ದಿಕ್ಕಿಗೆ ಯಾವ ಬಣ್ಣ ಅನ್ನುವುದಕ್ಕೂ ಶಾಸ್ತ್ರವಿದೆ. ಡಬ್ಬಿಯಲ್ಲಿರುವುದು ಅದಲ್ಲ, ವೃತ್ತವಿನ್ಯಾಸ ಅಷ್ಟೇ. ‘ಪ್ರಾಚೀನ ರಹಸ್ಯ’ ಅಂತ ಕೈಪಿಡಿ ಬರೆದುಕೊಂಡಿರುವುದನ್ನು ಅಡಿಬರಹ ಅಂದುಕೊಂಡು ದಾಟಿ.

ಬಣ್ಣದ ಸಾಮಾನು ಸಾಧಾರಣ. ಕಪ್ಪು ಕಾರ್ಡು ನೋಡಲು ಚೆಂದ, ಗೆರೆ ಹಾಕಲು ಕಷ್ಟ. ಸೀಸದ ಗೆರೆ ಅದರ ಮೇಲೆ ಸರಿಯಾಗಿ ಕಾಣುವುದಿಲ್ಲ, ಬಿಳಿ ಪೆನ್ಸಿಲಿನ ಮೊನೆ ಮೇಣದಂತೆ, ಎರಡು ವೃತ್ತಕ್ಕೇ ಮೊಂಡಾಗುತ್ತದೆ. ಗೆರೆಯ ಅಭ್ಯಾಸಕ್ಕೆ ಬಿಳಿ ಡ್ರಾಯಿಂಗ್ ಹಾಳೆಯೇ ಇರಲಿ, 150 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಮೇಲಿನದು. ಅದಕ್ಕಿಂತ ತೆಳುವಾದರೆ ಮುಳ್ಳು ಹರಿಯುತ್ತದೆ, ಸ್ಕೆಚ್ ಪೆನ್ ಹಿಂದಕ್ಕೆ ಇಳಿಯುತ್ತದೆ. ಬಿಳಿ ಜೆಲ್ ಪೆನ್ ನಡುನಡುವೆ ನಿಂತುಹೋದರೆ ತುದಿಯನ್ನು ರಬ್ಬರ್ ಮೇಲೆ ಎರಡು ಸಲ ಉರುಳಿಸಿ, ಇಡುವಾಗ ತುದಿ ಕೆಳಗಿರಲಿ. ಏಪ್ರಿಲ್, ಮೇ ಬಿಸಿಲಲ್ಲಿ ಬಳ್ಳಾರಿ, ರಾಯಚೂರಿನ ಸೆಕೆಗೆ ಅಂಗೈ ಬೆವರಿ ಜೆಲ್ ಗೆರೆ ಒರೆಸಿಹೋಗುತ್ತದೆ. ಕೈ ಕೆಳಗೆ ಒಂದು ಚೂರು ಕಾಗದ ಇಡುವುದನ್ನು ಕಲಿಸಿ, ಎಡಗೈಯಲ್ಲಿ ಬರೆಯುವವರಿಗೆ ಹಾಳೆಯನ್ನೇ ಸುತ್ತಿಸಿ ಬಣ್ಣ ತುಂಬಲು ಹೇಳಿ. ಬಣ್ಣ ಮೂರಕ್ಕಿಂತ ಹೆಚ್ಚು ಬೇಡ. ಒಂದು ಎಸಳು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಆರೂ ಎಸಳಿನ ಒಂದೇ ಜಾಗಕ್ಕೆ ಒಂದೇ ಬಣ್ಣ ತುಂಬುತ್ತ ಸುತ್ತಬೇಕು. ಯಾವ ಜಾಗಕ್ಕೆ ಯಾವ ಜಾಗ ಜೋಡಿ ಅನ್ನುವುದು ಕೈಗೇ ತಿಳಿಯುತ್ತದೆ.

ಕೈವಾರ ಪಳಗಿದ ಮೇಲೆ ಕೊಪ್ಪಳ ಜಿಲ್ಲೆಯ ಇಟಗಿಗೆ ಒಂದು ದಿನ ಕರೆದೊಯ್ಯಿರಿ. 1112ರ ಮಹಾದೇವ ದೇವಾಲಯ, ‘ದೇವಾಲಯಗಳ ಚಕ್ರವರ್ತಿ’ ಅಂತ ಶಾಸನವೇ ಕೊಂಡಾಡಿದ ಗುಡಿ. ಅಲ್ಲಿ ತಿರುಗಣೆಗೆ ಹಾಕಿ ಕಡೆದ ಕಂಬಗಳಿವೆ. ಕಂಬದ ಒಂದೊಂದು ಉಂಗುರವೂ ಒಂದೇ ಅಕ್ಷದ ಸುತ್ತಲಿನ ವೃತ್ತ, ಹಾಳೆಯ ಮೇಲೆ ಮಲಗಿದ್ದ ಮಂಡಲ ಎದ್ದು ನಿಂತ ಹಾಗೆ. ದಾರ ತೆಗೆದುಕೊಂಡು ಹೋಗಿ, ಕಂಬಕ್ಕೆ ಒಂದು ಸುತ್ತು ಹಾಕಿ ಅಳೆದು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಕಲ್ಲಿನ ಮೇಲೆ ಪೆನ್ಸಿಲ್, ಸೀಮೆಸುಣ್ಣ ಮುಟ್ಟಿಸಬಾರದು.

ಡಬ್ಬಿಯನ್ನು ಯಾರಾದರೂ ಉಡುಗೊರೆ ಕೊಟ್ಟರೆ ಬೇಡ ಅನ್ನಬೇಡಿ, ಜೆಲ್ ಪೆನ್ನು, ‘ಡಿ’, ಸ್ಕೇಲು ಬಳಕೆಗೆ ಬರುತ್ತವೆ. ಕೈಯಿಂದ ದುಡ್ಡು ಹಾಕಿ ಕೊಳ್ಳುವುದಾದರೆ ಬಿಗಿಯಾದ ಒಂದು ಕೈವಾರ, ಡ್ರಾಯಿಂಗ್ ಹಾಳೆ, ಮೂರು ಬಣ್ಣದ ಪೆನ್ನು, ಉಪ್ಪುಕಾಗದ, ರಟ್ಟು ಸಾಕು, ಡಬ್ಬಿಯ ಅರ್ಧ ಬೆಲೆಯೂ ಆಗದು. ಈಗಾಗಲೇ ಡಬ್ಬಿ ಮನೆಗೆ ಬಂದಿದ್ದರೆ ಒಳಗಿನ ಕೈವಾರವನ್ನು ಎಸೆಯುವ ಮುಂಚೆ ಕೀಲಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ಅರ್ಧ ಸುತ್ತು ಬಿಗಿ ಮಾಡಿ ನೋಡಿ. ಮೂರು ಸಲ ಸುತ್ತಿದರೂ ಗೆರೆ ಒಂದೇ ಬಂದರೆ ಇನ್ನೊಂದು ವರ್ಷಕ್ಕೆ ತೊಂದರೆಯಿಲ್ಲ.